ಮೂಗುತಿಯ ತೂಕ

ಡಂಡಿಯಲ್ಲಿ, ಹಳೆಯ ಸೆಣಬಿನ ಗಿರಣಿಯ ಮೂರನೆಯ ಮಹಡಿ.
ಮಗ್ಗಗಳಿದ್ದಲ್ಲಿ ಈಗ ನಮ್ಮ ಮೇಜುಗಳು.
ಬೋಲ್ಟು ಕಿತ್ತ ತೂತುಗಳು ನೆಲದಲ್ಲಿ ಹಾಗೇ ಇವೆ,
ದಿನಕ್ಕೊಮ್ಮೆಯಾದರೂ ನನ್ನ ಕುರ್ಚಿಯ ಗಾಲಿ
ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ನಾನು ಸಾಕುವುದು ಒಂದು ಇಂಟರ್‌ಪ್ರಿಟರ್.
ಅದರ ಬದುಕು ಇಷ್ಟೇ: ಒಂದು ಆಜ್ಞೆ ಎತ್ತು, ಓದು, ಮಾಡು,
ಮತ್ತೊಂದು ಎತ್ತು.
ಗಾಣದೆತ್ತಿಗೂ ಮಧ್ಯಾಹ್ನ ಒಂದು ಹಿಡಿ ಹುಲ್ಲುಂಟು, ಇದಕ್ಕಿಲ್ಲ.
ನಿಧಾನವಾಗಿದೆ ಎಂದರು. ಎಲ್ಲಿ ನಿಧಾನ?
‘ಕಸ ಗುಡಿಸುವಲ್ಲಿ’ ಎಂದ ಫಿನ್ಲೇ, ನೋಡದೆಯೇ.
ಗಾರ್ಬೇಜ್ ಕಲೆಕ್ಟರ್ ಮೇಲೆ ಅವನದು ಹಳೆಯ ಸಿಟ್ಟು,
ಊರಲ್ಲಿ ಯಾರ ಕೋಳಿ ಕಳೆದರೂ
ಒಂದೇ ಮನೆಯ ಬಾಗಿಲು ಬಡಿಯುವ ಹಾಗೆ.

ಮೊದಲು ಪ್ರತಿ ಆಜ್ಞೆಗೂ ಒಂದು ಸಾಲು ಬರೆಯಿಸಿದೆ:
ಹೊತ್ತು ಇಷ್ಟು, ಹೆಸರು ಇಂಥದು.
ಹನ್ನೊಂದು ಸೆಕೆಂಡಿನ ಕೆಲಸ ನಾಲ್ಕು ನಿಮಿಷ ತೆವಳಿತು.
ವರದಿ ಬಂತು. ಸಮಯವೆಲ್ಲ ಹೋದದ್ದು
ವರದಿ ಬರೆಯುವುದರಲ್ಲಿ.
ಮೂಗಿಗಿಂತ ಮೂಗುತಿ ಭಾರ.

ಊನಾ ನಕ್ಕಳು. ಅವಳಜ್ಜಿ ಜೆಸ್ಸಿ ಇದೇ ಮಹಡಿಯಲ್ಲಿ ನೇಯ್ದವಳು.
ಗಡಿಯಾರ ಹಿಡಿದವನೊಬ್ಬ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದನಂತೆ,
ಒಂದು ಗಂಟಿಗೆ ಎಷ್ಟು, ಒಂದು ಲಾಳಿಗೆ ಎಷ್ಟು ಎಂದು.
ಆ ಗದ್ದಲದಲ್ಲಿ ಮಾತು ಕೇಳದು.
ತುಟಿಯಲ್ಲೇ ಸುದ್ದಿ, ಸಾಲಿನಿಂದ ಸಾಲಿಗೆ:
ಬಂದ.
ಅಷ್ಟಕ್ಕೆ ನಲವತ್ತು ಹೆಂಗಸರ ಕೈ ಒಟ್ಟಿಗೆ ಮಂದವಾಗುತ್ತಿತ್ತು.
ಅವನು ಬರೆದುಕೊಂಡು ಹೋದದ್ದು ತನ್ನ ನೆರಳಿನ ಅಳತೆ.

ಆಮೇಲೆ ಮ್ಯಾಕ್ರೋ ಬರೆದೆ. ಎರಡೇ ಪದ: ಹೊಕ್ಕೆ, ಹೊರಟೆ.
ಫಂಕ್ಷನ್ನಿನ ಹೊಸ್ತಿಲಲ್ಲಿ ಒಂದು, ಹಿತ್ತಿಲ ಬಾಗಿಲಲ್ಲಿ ಇನ್ನೊಂದು.
ಮೇಲೆ ಒಂದು ಕಡೆ ಸೊನ್ನೆ ಇಟ್ಟರೆ
ಕಂಪೈಲರ್ ಕಣ್ಣು ಬಿಡುವ ಮೊದಲೇ ಎರಡೂ ಮಾಯ,
ಮೂಗುತಿಯಷ್ಟೇ ಅಲ್ಲ, ಚುಚ್ಚಿದ ಗುರುತೂ ಇಲ್ಲ.
ಒಂದು ಇಟ್ಟರೆ,
ಚಿಪ್ಪು ತನ್ನಷ್ಟಕ್ಕೆ ಎಣಿಸಿಕೊಳ್ಳುವ ಅಂಕಿಯನ್ನು ಇಣುಕಿ ನೋಡಿ
ದುಂಡು ಬಫರಿಗೆ ಎಸೆದು ಬಾ. ತುಂಬಿತೇ, ಹಳೆಯದರ ಮೇಲೆ ಬರೆ.
ಬೀಗವಿಲ್ಲ, ಫೈಲಿಲ್ಲ, ಹೆಸರಿನ ಬದಲು ಒಂದು ಸಂಖ್ಯೆ.
ತೊಟ್ಟಿಲ ಕೂಸಿನ ಮೂಗಿನ ಬಳಿ ಬೆರಳು ಹಿಡಿದು
ಉಸಿರು ನೋಡುವಷ್ಟು.
ನೂರಕ್ಕೆ ಒಂದೂವರೆ ಪಾಲು ನಿಧಾನ. ಆ ಒಂದೂವರೆಯನ್ನು
ಇಳಿಸಲು ಎರಡು ವಾರ ಹೆಣಗಿದೆ, ಇಳಿಯಲಿಲ್ಲ.

ಕಸ ಗುಡಿಸುವವಳು ನಿರಪರಾಧಿ.
ಹೊತ್ತು ತಿನ್ನುತ್ತಿದ್ದದ್ದು ಹೆಸರು ಹುಡುಕುವ ಪುಟ್ಟ ಫಂಕ್ಷನ್,
ನಾನೇ ಬರೆದದ್ದು, ಹೋದ ಚಳಿಗಾಲ, ಜ್ವರದಲ್ಲಿ.
ಅದೇ ಹೆಸರನ್ನು ಸಲಸಲವೂ ಅಕ್ಷರ ಅಕ್ಷರ ತಾಳೆ ನೋಡುತ್ತಿತ್ತು,
ಮನೆಯವರೇ ಬಾಗಿಲು ತಟ್ಟಿದರೂ
‘ಯಾರು, ಯಾವೂರು’ ಎನ್ನುವವನ ಹಾಗೆ.
ಫಿನ್ಲೇ ಏನೂ ಹೇಳಲಿಲ್ಲ. ನಾನೂ.
ಚಹಾ ತಂದುಕೊಟ್ಟ, ಸಕ್ಕರೆ ಹಾಕುವುದ ಮರೆತು.

ಆದರೆ ಚಿತ್ರದಲ್ಲಿ ಒಂದು ಪಟ್ಟಿ ಬಲಕ್ಕೆ ಚಾಚಿಕೊಂಡೇ ಇತ್ತು.
ಹೊಕ್ಕೆ ಇದೆ, ಹೊರಟೆ ಇಲ್ಲ.
ನಡುವೆ ಎಲ್ಲೋ ಒಂದು ರಿಟರ್ನ್, ಕಿಟಕಿಯಿಂದ ಹಾರಿದೆ.
ಟ್ರೇಸಿನ ಲೆಕ್ಕದಲ್ಲಿ ಅದಿನ್ನೂ ಒಳಗೇ ಇದೆ, ದುಡಿಯುತ್ತಿದೆ.

ಊನಾ ಬಗ್ಗಿ ನೋಡಿದಳು, ತುಸು ಹೆಚ್ಚೇ ಹೊತ್ತು.
ಜೆಸ್ಸಿಯೂ ಒಂದು ಬೆಳಿಗ್ಗೆ, ಪಾಳಿಯ ನಡುವೆ, ಏಪ್ರನ್ ಬಿಚ್ಚಿಟ್ಟು
ಮೆಟ್ಟಿಲಿಳಿದು ಟೇ ನದಿಯ ಕಡೆ ನಡೆದುಬಿಟ್ಟಳಂತೆ,
ಮತ್ತೆ ಬರಲಿಲ್ಲ, ಕಾರ್ಡು ಒತ್ತಿಸಲೂ ಇಲ್ಲ.
ಗಿರಣಿ ಮುಚ್ಚಿದಾಗ ಯಾರೋ ತಂದುಕೊಟ್ಟ ಆ ಕಾರ್ಡು
ಊನಾಳ ಅಡುಗೆಮನೆಯ ಡ್ರಾಯರಿನಲ್ಲಿದೆ:
ಒಳಗೆ, ಆರು ಗಂಟೆ ಎರಡು ನಿಮಿಷ.
ಪಕ್ಕದ ಮನೆ ಖಾಲಿ.

ಸರಿಪಡಿಸಲು ಐದು ನಿಮಿಷ ಸಾಕು.
ನಾಳೆ ಮಾಡುತ್ತೇನೆ ಎಂದೆ.